ಮಧ್ಯಸ್ಥನ ಬಂಡವಾಳ: ಫಾಲಿ ನಾರಿಮನ್‌ರ ವಕೀಲಿ ಬದುಕು

ಜಗಳವಿಲ್ಲದ ಮನೆಯಿಲ್ಲ, ತಕರಾರಿಲ್ಲದ ವ್ಯಾಪಾರವಿಲ್ಲ. ಇಬ್ಬರ ನಡುವೆ ಮಾತು ಮುರಿದಾಗ ಎಲ್ಲರೂ ಕೋರ್ಟಿನ ಮೆಟ್ಟಿಲು ಹತ್ತುವುದಿಲ್ಲ. ಇಬ್ಬರಿಗೂ ಬೇಕಾದ ಮೂರನೆಯವರೊಬ್ಬರ ಮುಂದೆ ಕುಳಿತು, ಅವರು ಹೇಳಿದಂತೆ ಕೇಳುತ್ತೇವೆ ಎಂದು ಒಪ್ಪುವ ಪದ್ಧತಿ ಮನುಷ್ಯ ಸಮಾಜದಷ್ಟೇ ಹಳೆಯದು. ಇಂತಹ ವ್ಯಕ್ತಿಯನ್ನು ಕನ್ನಡದಲ್ಲಿ ಮಧ್ಯಸ್ಥ ಎನ್ನುತ್ತೇವೆ, ಅಂದರೆ ನಡುವೆ ನಿಂತವನು. ಉರ್ದುವಿನಲ್ಲಿ 'ಸಾಲಿಸ್', ಅಂದರೆ ಮೂರನೆಯವನು. ಅರಬಿಯಲ್ಲಿ 'ಹಕಮ್', ಅಂದರೆ ತೀರ್ಮಾನ ಹೇಳುವವನು. ಈ ಮೂರು ಪದಗಳನ್ನು ಜೊತೆಗಿಟ್ಟು ನೋಡಿದರೆ ಆ ಕೆಲಸದ ಪೂರ್ಣ ಲಕ್ಷಣ ಸಿಗುತ್ತದೆ. ಅವನು ನಡುವೆ ಇರಬೇಕು, ಯಾರ ಕಡೆಯವನೂ ಆಗಿರಬಾರದು, ಆದರೂ ಅವನ ಮಾತು ನಡೆಯಬೇಕು.

ಇಂದು ದೇಶ ದೇಶಗಳ ಕಂಪನಿಗಳ ನಡುವೆ ಸಾವಿರಾರು ಕೋಟಿ ರೂಪಾಯಿಗಳ ವಿವಾದಗಳು ಇದೇ ಪದ್ಧತಿಯಲ್ಲಿ ತೀರ್ಮಾನವಾಗುತ್ತಿವೆ. ಇದಕ್ಕೆ ಅಂತರರಾಷ್ಟ್ರೀಯ ವಾಣಿಜ್ಯ ಮಧ್ಯಸ್ಥಿಕೆ ಎಂದು ಹೆಸರು. ಈ ಕ್ಷೇತ್ರದಲ್ಲಿ ಭಾರತಕ್ಕೆ ಹೆಸರು ತಂದ ವಕೀಲರಲ್ಲಿ ಫಾಲಿ ಸ್ಯಾಮ್ ನಾರಿಮನ್ ಪ್ರಮುಖರು. ಕನ್ನಡಿಗರು ಅವರನ್ನು ಕಾವೇರಿ ವಕೀಲರೆಂದು ಬಲ್ಲರು. ಅವರ ಬದುಕಿನ ಇನ್ನೊಂದು ಮುಖವನ್ನೂ, ಅದು ನಮ್ಮ ಯುವಕ ಯುವತಿಯರಿಗೆ ಕಲಿಸುವ ಪಾಠವನ್ನೂ ಪರಿಚಯಿಸುವುದು ಈ ಲೇಖನದ ಉದ್ದೇಶ.

ಹಳೆಯ ಬೇರು

ಮಧ್ಯಸ್ಥಿಕೆ ನಮಗೆ ಹೊಸ ವಿಷಯವಲ್ಲ. ಪ್ರವಾದಿ ಮುಹಮ್ಮದ್ (ಸ.ಅ.) ಅವರಿಗೆ ಪ್ರವಾದಿತ್ವ ದೊರೆಯುವ ಮುನ್ನ, ಅವರ ಸುಮಾರು 35ನೆಯ ವಯಸ್ಸಿನಲ್ಲಿ, ಮಕ್ಕಾದ ಕುರೈಶರು ಕಅಬಾವನ್ನು ಮತ್ತೆ ಕಟ್ಟುತ್ತಿದ್ದರು. ಹಜರುಲ್ ಅಸ್ವದ್ ಶಿಲೆಯನ್ನು ಅದರ ಸ್ಥಾನದಲ್ಲಿ ಇಡುವ ಗೌರವ ಯಾವ ಗೋತ್ರಕ್ಕೆ ಸಲ್ಲಬೇಕೆಂಬ ಜಗಳ ಕತ್ತಿ ಹಿರಿಯುವ ಮಟ್ಟಕ್ಕೆ ಬಂದಿತ್ತು. ಮೊದಲು ಒಳಗೆ ಬರುವವರೇ ತೀರ್ಮಾನ ಹೇಳಲಿ ಎಂದು ಎಲ್ಲರೂ ಒಪ್ಪಿದರು. ಬಂದವರು 'ಅಲ್ ಅಮೀನ್', ನಂಬಿಗಸ್ತ, ಎಂದೇ ಮಕ್ಕಾದಲ್ಲಿ ಹೆಸರಾಗಿದ್ದ ಅವರೇ. ಅವರು ಒಂದು ವಸ್ತ್ರ ಹಾಸಿ ಶಿಲೆಯನ್ನು ಅದರ ಮೇಲಿಟ್ಟು, ಗೋತ್ರದ ಮುಖಂಡರೆಲ್ಲರೂ ಅದರ ಅಂಚು ಹಿಡಿದು ಎತ್ತುವಂತೆ ಮಾಡಿದರು. ಬಳಿಕ ಶಿಲೆಯನ್ನು ತಮ್ಮ ಕೈಯಿಂದಲೇ ಸ್ಥಾನದಲ್ಲಿ ಇಟ್ಟರು. ಯಾರೂ ಸೋಲಲಿಲ್ಲ. ಅಲ್ಲಿ ಅವರ ಕೈಯಲ್ಲಿ ಅಧಿಕಾರವಾಗಲಿ ಸೈನ್ಯವಾಗಲಿ ಇರಲಿಲ್ಲ. ಇದ್ದದ್ದು ಎಲ್ಲರ ನಂಬಿಕೆ ಮಾತ್ರ.

ಪವಿತ್ರ ಕುರ್‌ಆನಿನ 'ಅನ್ನಿಸಾ' ಅಧ್ಯಾಯದ 35ನೆಯ ಸೂಕ್ತಿ ಗಂಡ ಹೆಂಡಿರ ಒಡಕಿನಲ್ಲಿ ಎರಡೂ ಕುಟುಂಬಗಳಿಂದ ಒಬ್ಬೊಬ್ಬ ಹಕಮ್‌ನನ್ನು ನೇಮಿಸಲು ಆದೇಶಿಸುತ್ತದೆ. ಉಸ್ಮಾನಿ ಸಾಮ್ರಾಜ್ಯವು 1869ರಿಂದ 1876ರ ಅವಧಿಯಲ್ಲಿ ಸಿದ್ಧಪಡಿಸಿದ 'ಮಜಲ್ಲಾ' ಎಂಬ ಕಾನೂನು ಸಂಹಿತೆಯಲ್ಲಿ ತಹ್ಕೀಮ್, ಅಂದರೆ ಮಧ್ಯಸ್ಥಿಕೆಗೆ ಪ್ರತ್ಯೇಕ ಭಾಗವೇ ಇತ್ತು. ನಮ್ಮ ಹಳ್ಳಿಗಳ ಅರಳಿಕಟ್ಟೆಯ ಪಂಚಾಯಿತಿ, ಪೇಟೆಯ ವರ್ತಕರ ಸಂಘಗಳು, ಜಮಾಅತ್‌ಗಳ ಹಿರಿಯರು ಮಾಡುತ್ತ ಬಂದದ್ದೂ ಇದೇ ಜಾತಿಯ ಕೆಲಸ.

ಹಡಗು, ತೈಲ ಮತ್ತು ಒಪ್ಪಂದ ಪತ್ರ

ಆಧುನಿಕ ವ್ಯಾಪಾರ ಬೆಳೆದಾಗ ಹಳೆಯ ಪದ್ಧತಿಗೆ ಹೊಸ ರೂಪ ಬಂತು. ಲಂಡನ್ನಿನಲ್ಲಿ 1892ರಲ್ಲಿ ವರ್ತಕರಿಗಾಗಿ ಮಧ್ಯಸ್ಥಿಕೆ ಸಂಸ್ಥೆ ಆರಂಭವಾಯಿತು. ಪ್ಯಾರಿಸ್ಸಿನ ಅಂತರರಾಷ್ಟ್ರೀಯ ವಾಣಿಜ್ಯ ಮಂಡಳಿ (ಐ.ಸಿ.ಸಿ.) 1923ರಲ್ಲಿ ತನ್ನ ಮಧ್ಯಸ್ಥಿಕೆ ನ್ಯಾಯಾಲಯ ಸ್ಥಾಪಿಸಿತು.

ಇದರ ಅಗತ್ಯ ಏಕೆ ಬಂತು? ಒಂದು ಉದಾಹರಣೆ ನೋಡೋಣ. ಬೆಂಗಳೂರಿನ ಕಂಪನಿಯೊಂದು ಜರ್ಮನಿಯಿಂದ ಯಂತ್ರ ತರಿಸುತ್ತದೆ. ಯಂತ್ರ ಸರಿಯಾಗಿ ನಡೆಯುವುದಿಲ್ಲ. ಜರ್ಮನಿಯ ಕೋರ್ಟಿಗೆ ಹೋಗಲು ನಮ್ಮವರಿಗೆ ಹಿಂಜರಿಕೆ, ಬೆಂಗಳೂರಿನ ಕೋರ್ಟಿಗೆ ಬರಲು ಅವರಿಗೆ ಹಿಂಜರಿಕೆ. ಆದ್ದರಿಂದ ಒಪ್ಪಂದ ಬರೆಯುವಾಗಲೇ ಒಂದು ಷರತ್ತು ಸೇರಿಸುತ್ತಾರೆ: ತಕರಾರು ಬಂದರೆ ಇಂಥ ಸಂಸ್ಥೆಯ ನಿಯಮದಂತೆ, ಇಂಥ ಊರಿನಲ್ಲಿ, ಇಂಥ ಕಾನೂನಿನ ಪ್ರಕಾರ ಮಧ್ಯಸ್ಥರು ತೀರ್ಮಾನಿಸಬೇಕು. ಸಾಮಾನ್ಯವಾಗಿ ಎರಡೂ ಕಡೆಯವರು ಒಬ್ಬೊಬ್ಬರನ್ನು ಹೆಸರಿಸುತ್ತಾರೆ. ಆ ಇಬ್ಬರು ಅಥವಾ ಸಂಸ್ಥೆ ಸೇರಿ ಮೂರನೆಯವರನ್ನು ಅಧ್ಯಕ್ಷರನ್ನಾಗಿ ಆರಿಸುತ್ತಾರೆ. ಇವರು ಕೊಡುವ ತೀರ್ಮಾನಕ್ಕೆ ಐತೀರ್ಪು ಎಂದು ಹೆಸರು.

ಐತೀರ್ಪು ಬರೆದರಾಯಿತೇ, ಹಣ ವಸೂಲಾಗಬೇಡವೇ? ಈ ಪ್ರಶ್ನೆಗೆ ಉತ್ತರವಾಗಿ 1958ರ ಜೂನ್ 10ರಂದು ನ್ಯೂಯಾರ್ಕ್ ಒಡಂಬಡಿಕೆ ರೂಪುಗೊಂಡಿತು. ಒಂದು ದೇಶದಲ್ಲಿ ಕೊಟ್ಟ ಐತೀರ್ಪನ್ನು ಇನ್ನೊಂದು ದೇಶದ ಕೋರ್ಟು ಕೆಲವೇ ನಿರ್ದಿಷ್ಟ ಕಾರಣಗಳನ್ನು ಬಿಟ್ಟರೆ ಜಾರಿಗೊಳಿಸಲೇಬೇಕು ಎಂಬುದು ಅದರ ಸಾರ. ಭಾರತ ಅದೇ ದಿನ ಸಹಿ ಹಾಕಿ, 1960ರಲ್ಲಿ ಅನುಮೋದಿಸಿ, 1961ರಲ್ಲಿ ಅದಕ್ಕಾಗಿ ಕಾಯ್ದೆ ಮಾಡಿತು. ಇಂದು 170ಕ್ಕೂ ಹೆಚ್ಚು ದೇಶಗಳು ಈ ಒಡಂಬಡಿಕೆಯಲ್ಲಿವೆ.

ಆದರೆ ಈ ವ್ಯವಸ್ಥೆಯ ಆರಂಭದ ದಿನಗಳಲ್ಲಿ ಮಧ್ಯಸ್ಥರ ಕುರ್ಚಿಯಲ್ಲಿ ಕುಳಿತವರು ಹೆಚ್ಚಾಗಿ ಯುರೋಪಿನವರು. ಏಷ್ಯಾ, ಆಫ್ರಿಕಾದ ದೇಶಗಳಿಗೆ ಅವರ ಮೇಲೆ ಪೂರ್ಣ ಭರವಸೆ ಇರಲಿಲ್ಲ. ಅದಕ್ಕೆ ಕಾರಣವೂ ಇತ್ತು. ಅಬುಧಾಬಿಯ ಶೇಖರು 1939ರಲ್ಲಿ ಒಂದು ಬ್ರಿಟಿಷ್ ತೈಲ ಕಂಪನಿಗೆ 75 ವರ್ಷಗಳ ಹಕ್ಕು ಕೊಟ್ಟಿದ್ದರು. ಸಮುದ್ರದ ತಳದ ತೈಲವೂ ಅದರಲ್ಲಿ ಸೇರುತ್ತದೆಯೇ ಎಂಬ ವಿವಾದ 1951ರಲ್ಲಿ ಲಾರ್ಡ್ ಆಸ್ಕ್ವಿತ್ ಎಂಬ ಇಂಗ್ಲಿಷ್ ನ್ಯಾಯಾಧೀಶರ ಮುಂದೆ ಬಂತು. ಕರಾವಳಿಯ ಪ್ರಾದೇಶಿಕ ಜಲಭಾಗದ ತಳ ಕಂಪನಿಗೆ, ಅದರಾಚೆಗಿನದು ಕಂಪನಿಗಲ್ಲ ಎಂದು ಅವರು ತೀರ್ಮಾನಿಸಿದರು. ಆ ಫಲಿತಾಂಶ ಶೇಖರಿಗೆ ಪೂರ್ತಿ ಪ್ರತಿಕೂಲವೇನೂ ಆಗಿರಲಿಲ್ಲ. ಆದರೆ ಅಬುಧಾಬಿಯಲ್ಲಿ ಕುರ್‌ಆನಿನ ನೆರವಿನಿಂದ ಶೇಖರು ತಮ್ಮ ವಿವೇಚನೆಯಂತೆ ನ್ಯಾಯ ಹೇಳುತ್ತಾರೆಯೇ ಹೊರತು, ಇಂತಹ ಆಧುನಿಕ ಒಪ್ಪಂದಕ್ಕೆ ಅನ್ವಯಿಸಬಲ್ಲ ಕಾನೂನು ಅಲ್ಲಿಲ್ಲ ಎಂಬ ಅರ್ಥದ ಮಾತನ್ನು ಅವರು ಬರೆದರು. ಶತಮಾನಗಳ ಫಿಕ್ಹ್ ಗ್ರಂಥಗಳಲ್ಲಿ ವ್ಯಾಪಾರ, ಪಾಲುದಾರಿಕೆ, ಕರಾರು ಕುರಿತು ಸವಿಸ್ತಾರ ಚರ್ಚೆ ಇರುವಾಗ ಬಂದ ಈ ಮಾತು ಅರಬ್ ನ್ಯಾಯಶಾಸ್ತ್ರಜ್ಞರನ್ನು ಬಹುಕಾಲ ನೋಯಿಸಿತು. ಸೌದಿ ಅರೇಬಿಯವು 1963ರಲ್ಲಿ ತನ್ನ ಸರ್ಕಾರಿ ಸಂಸ್ಥೆಗಳು ಅನುಮತಿಯಿಲ್ಲದೆ ಮಧ್ಯಸ್ಥಿಕೆಗೆ ಒಪ್ಪಬಾರದೆಂದು ನಿರ್ಬಂಧಿಸಿತು. ಆ ದೇಶ ನ್ಯೂಯಾರ್ಕ್ ಒಡಂಬಡಿಕೆಗೆ ಸೇರಿದ್ದು 1994ರಲ್ಲಿ.

ತೀರ್ಮಾನ ಸರಿಯಾಗಿದ್ದರೆ ಸಾಲದು, ತೀರ್ಮಾನಿಸುವವನು ನಮ್ಮನ್ನೂ ಅರ್ಥಮಾಡಿಕೊಳ್ಳಬಲ್ಲ ಎಂಬ ಭರವಸೆ ಎರಡೂ ಕಡೆಗೆ ಇರಬೇಕು ಎಂಬುದನ್ನು ಈ ಪ್ರಕರಣ ತೋರಿಸಿತು. 1978ರಲ್ಲಿ ಕೌಲಾಲಂಪುರದಲ್ಲಿ, 1979ರಲ್ಲಿ ಕೈರೋದಲ್ಲಿ ಪ್ರಾದೇಶಿಕ ಮಧ್ಯಸ್ಥಿಕೆ ಕೇಂದ್ರಗಳು ಹುಟ್ಟಿದವು. ಏಷ್ಯಾದ ವಕೀಲರು ಜಗತ್ತಿನ ಮಧ್ಯಸ್ಥಿಕೆ ಸಂಸ್ಥೆಗಳ ಮೇಲ್ಸ್ತರಕ್ಕೆ ಏರುವ ಕಾಲವೂ ಬಂತು. ನಾರಿಮನ್ ಆ ತಲೆಮಾರಿನವರು.

ರಂಗೂನಿನಿಂದ ಮುಂಬಯಿಗೆ

ನಾರಿಮನ್ ಹುಟ್ಟಿದ್ದು 1929ರ ಜನವರಿ 10ರಂದು, ಬರ್ಮಾದ ರಂಗೂನಿನಲ್ಲಿ, ಒಂದು ಪಾರ್ಸಿ ಕುಟುಂಬದಲ್ಲಿ. 1941ರ ಡಿಸೆಂಬರಿನಲ್ಲಿ ಜಪಾನಿ ವಿಮಾನಗಳು ರಂಗೂನಿನ ಮೇಲೆ ಬಾಂಬು ಸುರಿಸಿದವು. ಲಕ್ಷಾಂತರ ಭಾರತೀಯರಂತೆ ಅವರ ಕುಟುಂಬವೂ ಮನೆ ಮಾರು ಬಿಟ್ಟು ಕಾಡು ಬೆಟ್ಟಗಳ ದಾರಿಯಲ್ಲಿ ಭಾರತಕ್ಕೆ ಬಂತು. ಆಗ ಅವರಿಗೆ ಹದಿಮೂರರ ಆಸುಪಾಸು. ಶಿಮ್ಲಾದ ಬಿಷಪ್ ಕಾಟನ್ ಶಾಲೆಯಲ್ಲಿ ಓದಿ, ಮುಂಬಯಿಯ ಸೇಂಟ್ ಕ್ಸೇವಿಯರ್ ಕಾಲೇಜಿನಲ್ಲಿ ಅರ್ಥಶಾಸ್ತ್ರ ಮತ್ತು ಇತಿಹಾಸದಲ್ಲಿ ಬಿ.ಎ. ಮುಗಿಸಿದರು. ಮಗ ಐ.ಸಿ.ಎಸ್. ಪರೀಕ್ಷೆ ಬರೆಯಲಿ ಎಂಬುದು ತಂದೆಯ ಆಸೆ. ಆದರೆ ಅದಕ್ಕೆ ಬೇಕಾದಷ್ಟು ಹಣ ಮನೆಯಲ್ಲಿರಲಿಲ್ಲ. ಬೇರೆ ದಾರಿ ಕಾಣದೆ ಹಿಡಿದದ್ದು ಕಾನೂನು. ಆ ದಾರಿಯಲ್ಲೇ ಅವರು 1950ರಲ್ಲಿ ಮುಂಬಯಿ ಸರ್ಕಾರಿ ಕಾನೂನು ಕಾಲೇಜಿನಿಂದ ಹೊರಬಂದು ಹೈಕೋರ್ಟಿನಲ್ಲಿ ವಕೀಲಿ ಆರಂಭಿಸಿದರು.

ಹೊಸ ವಕೀಲನಿಗೆ ಕಾಲೇಜಿನಷ್ಟೇ ಮುಖ್ಯ ಅವನ ಹಿರಿಯ ವಕೀಲರ ಕಚೇರಿ. ಸರ್ ಜಮ್ಶೆಡ್ಜಿ ಕಾಂಗಾ ಅವರ ಪ್ರಸಿದ್ಧ ಕಚೇರಿಯಲ್ಲಿ ನಾರಿಮನ್‌ಗೆ ಜಾಗ ಸಿಕ್ಕಿತು. ನಾನಿ ಪಾಲ್ಖಿವಾಲಾ, ಎಚ್.ಎಂ. ಸೀರವಾಯಿ ಅವರಂತಹ ಘಟಾನುಘಟಿಗಳು ಅದೇ ಕಚೇರಿಯಲ್ಲಿ ಪಳಗಿದವರು. ಮುಂಬಯಿ ಬಂದರು ನಗರ, ವ್ಯಾಪಾರದ ನಗರ. ಅಲ್ಲಿನ ಹೈಕೋರ್ಟಿನಲ್ಲಿ ಹಡಗು, ವಿಮೆ, ಬ್ಯಾಂಕು, ಹತ್ತಿ ವ್ಯಾಪಾರದ ಮೊಕದ್ದಮೆಗಳು ಸದಾ ನಡೆಯುತ್ತಿದ್ದವು. 1971ರಲ್ಲಿ ಸುಪ್ರೀಂ ಕೋರ್ಟು ಅವರನ್ನು ಹಿರಿಯ ವಕೀಲರೆಂದು ಮಾನ್ಯ ಮಾಡಿತು. 1972ರಲ್ಲಿ ಕೇಂದ್ರ ಸರ್ಕಾರದ ಅಡಿಷನಲ್ ಸಾಲಿಸಿಟರ್ ಜನರಲ್ ಆಗಿ ದೆಹಲಿಗೆ ಹೋದರು.

ಮೂರು ವರ್ಷಗಳ ನಂತರ, 1975ರ ಜೂನ್ 25ರ ರಾತ್ರಿ, ದೇಶದಲ್ಲಿ ತುರ್ತು ಪರಿಸ್ಥಿತಿ ಘೋಷಣೆಯಾಯಿತು. ಪತ್ರಿಕೆಗಳ ಬಾಯಿಗೆ ಬೀಗ ಬಿತ್ತು, ವಿರೋಧ ಪಕ್ಷದ ನಾಯಕರು ಜೈಲು ಸೇರಿದರು. ನಾರಿಮನ್ ಕೂಡಲೇ ತಮ್ಮ ಹುದ್ದೆಗೆ ರಾಜೀನಾಮೆ ಕೊಟ್ಟರು. ಆಗ ಅವರಿಗೆ 46 ವರ್ಷ. ಇನ್ನೂ ದೊಡ್ಡ ಹುದ್ದೆಗಳು ಎದುರಿಗಿದ್ದವು. ಸರ್ಕಾರದ ಅನ್ನ ತಿನ್ನುತ್ತಿದ್ದ ವಕೀಲ ಸರ್ಕಾರದ ತಪ್ಪಿಗೆ ಬಾಯಿಯಾಗಲು ಒಪ್ಪಲಿಲ್ಲ ಎಂಬ ಸಂಗತಿ ದೇಶಕ್ಕೆ ತಿಳಿಯಿತು. ಮುಂದೆ ಅವರ ಬದುಕಿನಲ್ಲಿ ಆದದ್ದನ್ನೆಲ್ಲ ಈ ಹಿನ್ನೆಲೆಯಲ್ಲಿ ನೋಡಬೇಕು.

ಜಗತ್ತಿನ ಪಂಚಾಯಿತಿ ಕಟ್ಟೆಯಲ್ಲಿ

ನಾರಿಮನ್ 1989ರಿಂದ 2005ರವರೆಗೆ ಪ್ಯಾರಿಸ್ಸಿನ ಐ.ಸಿ.ಸಿ. ಮಧ್ಯಸ್ಥಿಕೆ ನ್ಯಾಯಾಲಯದ ಉಪಾಧ್ಯಕ್ಷರಾಗಿದ್ದರು. ಲಂಡನ್ನಿನ ಮಧ್ಯಸ್ಥಿಕೆ ನ್ಯಾಯಾಲಯದ ಸದಸ್ಯರೂ ಆಗಿದ್ದರು. 1994ರಿಂದ 2002ರವರೆಗೆ ವಾಣಿಜ್ಯ ಮಧ್ಯಸ್ಥಿಕೆಯ ಅಂತರರಾಷ್ಟ್ರೀಯ ಮಂಡಳಿಯ ಅಧ್ಯಕ್ಷರಾದರು. ಈ ಮಂಡಳಿಯ 2000ನೆಯ ಇಸವಿಯ ಸಮ್ಮೇಳನ ದೆಹಲಿಯಲ್ಲಿ ನಡೆಯಿತು. ಅದರ ವಿಷಯ ಅಂತರರಾಷ್ಟ್ರೀಯ ಮಧ್ಯಸ್ಥಿಕೆ ಮತ್ತು ಆಯಾ ದೇಶಗಳ ಕೋರ್ಟುಗಳ ನಡುವಿನ ಸಂಬಂಧ. ಭಾರತದ ಮಟ್ಟಿಗೆ ಅದು ಬಹಳ ಪ್ರಸ್ತುತ ವಿಷಯವಾಗಿತ್ತು.

ನಮ್ಮ 1940ರ ಮಧ್ಯಸ್ಥಿಕೆ ಕಾಯ್ದೆಯಲ್ಲಿ ಪ್ರತಿ ಹಂತದಲ್ಲೂ ಕೋರ್ಟಿಗೆ ಹೋಗಲು ಅವಕಾಶವಿತ್ತು. ಮಧ್ಯಸ್ಥರು ತೀರ್ಮಾನ ಕೊಟ್ಟ ಮೇಲೂ ವ್ಯಾಜ್ಯ ವರ್ಷಗಟ್ಟಲೆ ಎಳೆಯುತ್ತಿತ್ತು. ಹೊಸ ವಿದೇಶಿ ಐತೀರ್ಪು ಕಾಯ್ದೆ ಬಂದ ಮೇಲೂ ಪರಿಸ್ಥಿತಿ ಹೆಚ್ಚು ಸುಧಾರಿಸಲಿಲ್ಲ. ರೇಣುಸಾಗರ್ ಕಂಪನಿ ಮತ್ತು ಅಮೆರಿಕದ ಜನರಲ್ ಎಲೆಕ್ಟ್ರಿಕ್ ಕಂಪನಿಯ ನಡುವಿನ ಮೊಕದ್ದಮೆ ಇದಕ್ಕೆ ಪ್ರಸಿದ್ಧ ನಿದರ್ಶನ. ವಿದ್ಯುತ್ ಸ್ಥಾವರಕ್ಕಾಗಿ 1964ರಲ್ಲಿ ಆದ ಒಪ್ಪಂದ, 1986ರಲ್ಲಿ ಬಂದ ಐತೀರ್ಪು, ಅದು ಜಾರಿಯಾಗಬೇಕೆಂದು ಸುಪ್ರೀಂ ಕೋರ್ಟು ಹೇಳಿದ್ದು 1993ರಲ್ಲಿ. ಒಪ್ಪಂದದ ವರ್ಷ ಹುಟ್ಟಿದ ಮಗುವಿಗೆ ಆಗ 29 ವರ್ಷ!

ಆರ್ಥಿಕ ಉದಾರೀಕರಣದ ನಂತರ 1996ರಲ್ಲಿ ಹೊಸ ಮಧ್ಯಸ್ಥಿಕೆ ಮತ್ತು ರಾಜಿ ಕಾಯ್ದೆ ಬಂತು. ವಿಶ್ವಸಂಸ್ಥೆಯ ವ್ಯಾಪಾರ ಕಾನೂನು ಆಯೋಗ 1985ರಲ್ಲಿ ರೂಪಿಸಿದ ಮಾದರಿ ಕಾನೂನು ಅದಕ್ಕೆ ಆಧಾರ. ಕೋರ್ಟಿನ ಹಸ್ತಕ್ಷೇಪ ಕಡಿಮೆ ಮಾಡುವುದು ಅದರ ಗುರಿಯಾಗಿತ್ತು. ಆದರೆ 2003ರಲ್ಲಿ ಒ.ಎನ್.ಜಿ.ಸಿ. ಮತ್ತು ಸಾ ಪೈಪ್ಸ್ ಮೊಕದ್ದಮೆಯಲ್ಲಿ ಸುಪ್ರೀಂ ಕೋರ್ಟು 'ಸಾರ್ವಜನಿಕ ನೀತಿ' ಎಂಬ ಮಾತಿಗೆ ವಿಶಾಲ ಅರ್ಥ ಕೊಟ್ಟು, ಕಾನೂನಿಗೆ ಎದ್ದುಕಾಣುವಂತೆ ವಿರುದ್ಧವಾದ ಐತೀರ್ಪನ್ನು ರದ್ದುಮಾಡಬಹುದೆಂದಿತು. ನಾರಿಮನ್ ಇದನ್ನು ಬಹಿರಂಗವಾಗಿ ಕಟುವಾಗಿ ಟೀಕಿಸಿದರು. ಇದರಿಂದ 1996ರ ಕಾಯ್ದೆಯ ಉದ್ದೇಶವೇ ವ್ಯರ್ಥವಾಗುತ್ತದೆ ಎಂಬುದು ಅವರ ಅಭಿಪ್ರಾಯ. ತಾವು ದಿನವೂ ವಾದಿಸುವ ಕೋರ್ಟಿನ ತೀರ್ಪನ್ನು ಹೀಗೆ ವಿಮರ್ಶಿಸಲು ಎದೆಗಾರಿಕೆ ಬೇಕು. ಕೊನೆಗೆ 2015ರ ತಿದ್ದುಪಡಿಯಲ್ಲಿ ಸಂಸತ್ತು ಅಂತರರಾಷ್ಟ್ರೀಯ ವಾಣಿಜ್ಯ ಮಧ್ಯಸ್ಥಿಕೆಗಳ ಮಟ್ಟಿಗೆ ಆ ಕಾರಣವನ್ನು ತೆಗೆದುಹಾಕಿತು.

ಅದೇ 2015ರ ತಿದ್ದುಪಡಿ ಇನ್ನೊಂದು ಮುಖ್ಯ ಕೆಲಸ ಮಾಡಿತು. ಮಧ್ಯಸ್ಥನಾಗುವವನು ಯಾವ ಯಾವ ಸಂಬಂಧಗಳನ್ನು ಮೊದಲೇ ಬಹಿರಂಗಪಡಿಸಬೇಕು, ಯಾವ ಸಂಬಂಧವಿದ್ದರೆ ಆ ಸ್ಥಾನಕ್ಕೆ ಅನರ್ಹ ಎಂಬ ಪಟ್ಟಿಗಳನ್ನು ಕಾಯ್ದೆಗೆ ಸೇರಿಸಿತು. ಕಂಪನಿಯೊಂದರ ನೌಕರ, ಸಲಹೆಗಾರ, ಹತ್ತಿರದ ಬಂಧು ಅದೇ ಕಂಪನಿಯ ವಿವಾದದಲ್ಲಿ ಮಧ್ಯಸ್ಥನಾಗಲಾರ. ನ್ಯಾಯಾಧೀಶನಿಗೆ ಸರ್ಕಾರದ ಸಂಬಳವಿದೆ, ಪೊಲೀಸಿನ ಬಲವಿದೆ. ಮಧ್ಯಸ್ಥನಿಗೆ ಅವೆರಡೂ ಇಲ್ಲ. ಅವನಿಗೆ ಶುಲ್ಕ ಕೊಡುವವರು ಜಗಳವಾಡುವ ಕಕ್ಷಿಗಳೇ. ಅವನ ಮೇಲೆ ಒಮ್ಮೆ ಅನುಮಾನ ಬಂದರೆ ಮತ್ತೆ ಯಾರೂ ಅವನ ಹೆಸರು ಸೂಚಿಸುವುದಿಲ್ಲ. ಆದ್ದರಿಂದಲೇ ನಂಬಿಕೆ ಎಂಬುದು ಮಧ್ಯಸ್ಥನಿಗೆ ಕೇವಲ ನೀತಿಮಾತಲ್ಲ, ಅದೇ ಅವನ ಬಂಡವಾಳ.

ಕಾವೇರಿಯ ಕಟ್ಟೆಯಲ್ಲಿ

ಕರ್ನಾಟಕಕ್ಕೂ ಮಧ್ಯಸ್ಥಿಕೆಗೂ ನೂರು ವರ್ಷಕ್ಕೂ ಮಿಕ್ಕಿದ ನಂಟಿದೆ. ಮೈಸೂರು ಮತ್ತು ಮದರಾಸು ಸರ್ಕಾರಗಳ 1892ರ ಕಾವೇರಿ ಒಪ್ಪಂದದಲ್ಲೇ ಮಧ್ಯಸ್ಥಿಕೆಯ ಷರತ್ತಿತ್ತು. ಕನ್ನಂಬಾಡಿ ಅಣೆಕಟ್ಟೆಯ ವಿವಾದ ಬಂದಾಗ ಅಲಹಾಬಾದ್ ಹೈಕೋರ್ಟಿನ ನ್ಯಾಯಾಧೀಶ ಸರ್ ಎಚ್.ಡಿ. ಗ್ರಿಫಿನ್ ಮಧ್ಯಸ್ಥರಾಗಿ 1914ರಲ್ಲಿ ಐತೀರ್ಪು ಕೊಟ್ಟರು. ಅದು ಬಹುಮಟ್ಟಿಗೆ ಮೈಸೂರಿಗೆ ಅನುಕೂಲವಾಗಿತ್ತು. ಮದರಾಸು ಸರ್ಕಾರ ಒಪ್ಪದೆ ಲಂಡನ್ನಿನ ಭಾರತ ಮಂತ್ರಿಯವರೆಗೆ ಮೇಲ್ಮನವಿ ಒಯ್ದಿತು. ಕೊನೆಗೆ ಆದದ್ದು 1924ರ ಒಪ್ಪಂದ. ಐತೀರ್ಪು ಕೊಟ್ಟ ಮೇಲೂ ಬಲವಿದ್ದವರು ಅದನ್ನು ಬದಿಗೊತ್ತಬಲ್ಲರು ಎಂಬುದಕ್ಕೆ ಇದು ನಮ್ಮದೇ ನೆಲದ ಉದಾಹರಣೆ.

ಸ್ವಾತಂತ್ರ್ಯಾನಂತರ ಅಂತರರಾಜ್ಯ ಜಲವಿವಾದ ಕಾಯ್ದೆಯಡಿ 1990ರಲ್ಲಿ ಕಾವೇರಿ ನ್ಯಾಯಮಂಡಳಿ ರಚನೆಯಾಯಿತು. ಇದು ವಾಣಿಜ್ಯ ಮಧ್ಯಸ್ಥಿಕೆಯಲ್ಲ, ಕಾನೂನಿನಿಂದ ಹುಟ್ಟಿದ ಮಂಡಳಿ. ಆದರೆ ಇಬ್ಬರ ನಡುವೆ ಕುಳಿತು ಕಡತ, ನಕ್ಷೆ, ಅಂಕಿಸಂಖ್ಯೆ ನೋಡಿ ಹಂಚಿಕೆ ಮಾಡುವ ಕೆಲಸ ಎರಡರಲ್ಲೂ ಒಂದೇ. ಹಲವು ದಶಕಗಳ ಕಾಲ ಕರ್ನಾಟಕದ ಪರವಾಗಿ ನಿಂತವರು ನಾರಿಮನ್. 2007ರ ಫೆಬ್ರವರಿ 5ರಂದು ನ್ಯಾಯಮಂಡಳಿ ತನ್ನ ಅಂತಿಮ ಐತೀರ್ಪಿನಲ್ಲಿ ಕರ್ನಾಟಕಕ್ಕೆ 270 ಟಿ.ಎಂ.ಸಿ. ನೀರು ಹಂಚಿತು.

2016ರಲ್ಲಿ ಮಳೆ ಕೈಕೊಟ್ಟಿತು. ತಮಿಳುನಾಡಿಗೆ ನೀರು ಬಿಡಬೇಕೆಂದು ಸುಪ್ರೀಂ ಕೋರ್ಟು ಆದೇಶಿಸಿತು. ಕರ್ನಾಟಕದ ಶಾಸನಸಭೆ ಇರುವ ನೀರು ಕುಡಿಯುವುದಕ್ಕೇ ಮೀಸಲು ಎಂದು ನಿರ್ಣಯ ಮಾಡಿತು. ಮಂಡ್ಯ, ಬೆಂಗಳೂರುಗಳಲ್ಲಿ ಜನ ಬೀದಿಗಿಳಿದಿದ್ದರು. ಅಂತಹ ಸಮಯದಲ್ಲಿ, ಸೆಪ್ಟೆಂಬರ್ 30ರಂದು, ಕೋರ್ಟಿನ ಆದೇಶ ಪಾಲನೆಯಾಗದೆ ತಾವು ರಾಜ್ಯದ ಪರವಾಗಿ ವಾದ ಮಂಡಿಸಲಾರೆ ಎಂದು ನಾರಿಮನ್ ತಿಳಿಸಿದರು. ನಮ್ಮಲ್ಲಿ ಹಲವರಿಗೆ ಇದರಿಂದ ಬೇಸರವಾಯಿತು. ಕಷ್ಟಕಾಲದಲ್ಲಿ ನಮ್ಮ ವಕೀಲರೇ ಕೈಬಿಟ್ಟರೇ ಎಂದು ಕೇಳಿದವರಿದ್ದರು. ಆ ನೋವು ಸಹಜವಾದದ್ದೇ. ರೈತನ ಗದ್ದೆ ಒಣಗುತ್ತಿರುವಾಗ ಕಾನೂನಿನ ಸೂಕ್ಷ್ಮ ಯಾರಿಗೂ ರುಚಿಸುವುದಿಲ್ಲ.

ಆದರೆ ಮುಂದೇನಾಯಿತು ನೋಡಿ. ರಾಜ್ಯ ಅವರನ್ನು ಬಿಡಲಿಲ್ಲ, ಅವರೂ ರಾಜ್ಯವನ್ನು ಬಿಡಲಿಲ್ಲ. 2017ರ ಅಂತಿಮ ವಿಚಾರಣೆಯಲ್ಲಿ ಕರ್ನಾಟಕದ ಪರ ಮತ್ತೆ ವಾದಿಸಿದರು. 2018ರ ಫೆಬ್ರವರಿ 16ರಂದು ಬಂದ ತೀರ್ಪಿನಲ್ಲಿ ಕರ್ನಾಟಕದ ಪಾಲಿಗೆ 14.75 ಟಿ.ಎಂ.ಸಿ. ಹೆಚ್ಚುವರಿ ನೀರು ಸೇರಿ 284.75 ಟಿ.ಎಂ.ಸಿ. ಆಯಿತು. ಅದರಲ್ಲಿ 4.75 ಟಿ.ಎಂ.ಸಿ. ಬೆಂಗಳೂರಿನ ಕುಡಿಯುವ ನೀರಿಗಾಗಿ. ಆಗ ನಾರಿಮನ್‌ಗೆ 89 ವರ್ಷ. ತನ್ನ ಕಕ್ಷಿಗಾರನಿಗೂ 'ಇದು ಸರಿಯಲ್ಲ' ಎಂದು ಹೇಳಬಲ್ಲ ವಕೀಲನ ಮಾತಿಗೆ ನ್ಯಾಯಪೀಠದ ಮುಂದೆ ತೂಕ ಹೆಚ್ಚು. ಆ ತೂಕ ಕೊನೆಗೆ ಕಕ್ಷಿಗಾರನ ಉಪಯೋಗಕ್ಕೇ ಬರುತ್ತದೆ.

ಅಲ್ಪಸಂಖ್ಯಾತರ ಹಕ್ಕಿನ ಪ್ರಶ್ನೆ

ನಮ್ಮ ಸಂಘದಂತಹ ಸಂಸ್ಥೆಗಳು ಶಾಲೆ ಕಾಲೇಜು ನಡೆಸುವುದು ಸಂವಿಧಾನದ 30ನೆಯ ವಿಧಿಯ ಬಲದಿಂದ. ಈ ವಿಧಿಯ ವ್ಯಾಪ್ತಿಯನ್ನು 2002ರ ಅಕ್ಟೋಬರ್ 31ರಂದು ಸುಪ್ರೀಂ ಕೋರ್ಟಿನ ಹನ್ನೊಂದು ನ್ಯಾಯಾಧೀಶರ ಪೀಠ ವಿವರಿಸಿತು. ಆ ಮೊಕದ್ದಮೆ ನಮ್ಮ ಮಣಿಪಾಲದ ಟಿ.ಎಂ.ಎ. ಪೈ ಪ್ರತಿಷ್ಠಾನದ ಹೆಸರಿನದು. ಅದರಲ್ಲಿ ವಾದಿಸಿದ ಹಿರಿಯ ವಕೀಲರಲ್ಲಿ ನಾರಿಮನ್ ಒಬ್ಬರು. ಅಲ್ಪಸಂಖ್ಯಾತರು ಯಾರೆಂಬುದನ್ನು ರಾಜ್ಯವಾರು ನಿರ್ಧರಿಸಬೇಕು, ತಮ್ಮ ಆಯ್ಕೆಯ ಶಿಕ್ಷಣ ಸಂಸ್ಥೆ ಸ್ಥಾಪಿಸಿ ನಡೆಸುವ ಹಕ್ಕು ಅವರಿಗುಂಟು, ಆದರೆ ಶಿಕ್ಷಣದ ಗುಣಮಟ್ಟಕ್ಕಾಗಿ ಸರ್ಕಾರ ನಿಯಮ ಮಾಡಬಹುದು ಎಂದು ಪೀಠ ಹೇಳಿತು. ಇದನ್ನು ಸ್ಪಷ್ಟಪಡಿಸಲು 2003ರಲ್ಲಿ ಬಂದ ತೀರ್ಪು ಮಂಗಳೂರಿನ ಇಸ್ಲಾಮಿಕ್ ಅಕಾಡೆಮಿ ಆಫ್ ಎಜುಕೇಶನ್ ಹೆಸರಿನಲ್ಲಿದೆ. ಸೀಟು ಹಂಚಿಕೆ, ಶುಲ್ಕದ ವಿಷಯದಲ್ಲಿ 2005ರ ಇನಾಮ್ದಾರ್ ತೀರ್ಪು ಇನ್ನಷ್ಟು ವಿವರಿಸಿತು. ಶಿಕ್ಷಣ ಸಂಸ್ಥೆಗಳನ್ನು ನಡೆಸುವ ನಮ್ಮ ಸದಸ್ಯರು ಈ ಮೂರು ತೀರ್ಪುಗಳನ್ನು ಅಗತ್ಯವಾಗಿ ತಿಳಿದಿರಬೇಕು.

ಸ್ವತಃ ಬಹಳ ಸಣ್ಣ ಸಮುದಾಯದಿಂದ ಬಂದ ನಾರಿಮನ್‌ಗೆ ಅಲ್ಪಸಂಖ್ಯಾತರ ಅಳಲು ಪುಸ್ತಕದ ವಿಷಯವಾಗಿರಲಿಲ್ಲ. 1998ರಲ್ಲಿ ಅವರು ನರ್ಮದಾ ಪ್ರಕರಣದಲ್ಲಿ ಗುಜರಾತ್ ಸರ್ಕಾರದ ವಕೀಲರಾಗಿದ್ದರು. ಆ ರಾಜ್ಯದಲ್ಲಿ ಕ್ರೈಸ್ತರ ಮೇಲೆ ದಾಳಿಗಳು ನಡೆದು ಬೈಬಲ್ ಪ್ರತಿಗಳನ್ನು ಸುಟ್ಟ ಸುದ್ದಿ ಬಂದಾಗ, ಆ ಸರ್ಕಾರದ ವಕಾಲತ್ತನ್ನು ಹಿಂದಿರುಗಿಸಿದರು. ಮೊಕದ್ದಮೆ ಅಣೆಕಟ್ಟೆಯದು, ದಾಳಿಗೂ ಅದಕ್ಕೂ ಸಂಬಂಧವಿಲ್ಲ ಎಂದು ಸುಮ್ಮನಿರಬಹುದಿತ್ತು. ಅವರು ಸುಮ್ಮನಿರಲಿಲ್ಲ. 2014ರಲ್ಲಿ ರಾಷ್ಟ್ರೀಯ ಅಲ್ಪಸಂಖ್ಯಾತರ ಆಯೋಗದ ವಾರ್ಷಿಕ ಉಪನ್ಯಾಸದಲ್ಲಿ, ದ್ವೇಷದ ಭಾಷಣಗಳನ್ನು ತಡೆಯಬೇಕಾದವರು ತಡೆಯುತ್ತಿಲ್ಲ ಎಂಬ ಆತಂಕವನ್ನು ಮುಚ್ಚುಮರೆಯಿಲ್ಲದೆ ಹೇಳಿದರು.

ಭೋಪಾಲದ ನೆರಳು

ಮಹನೀಯರ ಚರಿತ್ರೆ ಬರೆಯುವಾಗ ಬೆಳಕನ್ನಷ್ಟೇ ತೋರಿಸಿ ನೆರಳನ್ನು ಮರೆಮಾಚಿದರೆ ಅದು ಚರಿತ್ರೆಯಾಗುವುದಿಲ್ಲ. 1984ರ ಡಿಸೆಂಬರ್ 2ರ ನಡುರಾತ್ರಿ ಭೋಪಾಲದ ಯೂನಿಯನ್ ಕಾರ್ಬೈಡ್ ಕಾರ್ಖಾನೆಯಿಂದ ವಿಷಾನಿಲ ಸೋರಿ, ಹಳೆಯ ಊರಿನ ಬಡ ಮೊಹಲ್ಲಾಗಳಲ್ಲಿ ಸಾವಿರಾರು ಜನ ಸತ್ತರು. ನಂತರದ ಮೊಕದ್ದಮೆಯಲ್ಲಿ ಆ ಕಂಪನಿಯ ಪರ ವಾದಿಸಿದವರು ನಾರಿಮನ್. 1989ರ ಫೆಬ್ರವರಿಯಲ್ಲಿ 47 ಕೋಟಿ ಡಾಲರ್‌ಗಳಿಗೆ ರಾಜಿಯಾಯಿತು. ಸಂತ್ರಸ್ತರಿಗೆ ಅದು ತೀರ ಕಡಿಮೆ ಎಂಬ ಕೂಗು ಅಂದೂ ಇತ್ತು, ಇಂದೂ ಇದೆ.

ವಕೀಲನಾದವನು ಯಾರ ಪರವಾಗಿಯೂ ವಾದಿಸಬಹುದು ಎಂಬುದು ವೃತ್ತಿಧರ್ಮ. ನಾರಿಮನ್ ಆ ಮಾತಿನ ಹಿಂದೆ ಅಡಗಿಕೊಳ್ಳಬಹುದಿತ್ತು. ಆದರೆ ಇಳಿವಯಸ್ಸಿನಲ್ಲಿ, ಮತ್ತೊಮ್ಮೆ ಅವಕಾಶ ಸಿಕ್ಕರೆ ಆ ಮೊಕದ್ದಮೆಯನ್ನು ತಾವು ತೆಗೆದುಕೊಳ್ಳುತ್ತಿರಲಿಲ್ಲ ಎಂದು ಒಪ್ಪಿಕೊಂಡರು. ಭೋಪಾಲದ ತಾಯಂದಿರ ದುಃಖ ಇದರಿಂದ ಕಡಿಮೆಯಾಗದು. ಆದರೂ ಕೀರ್ತಿಯ ಶಿಖರದಲ್ಲಿ ಕುಳಿತು ಹೀಗೆ ಹೇಳಿದವರು ಎಷ್ಟು ಜನ?

ಅವರಿಗೆ 1991ರಲ್ಲಿ ಪದ್ಮಭೂಷಣ, 2007ರಲ್ಲಿ ಪದ್ಮವಿಭೂಷಣ ದೊರೆತವು. 1999ರಿಂದ 2005ರವರೆಗೆ ರಾಜ್ಯಸಭೆಯ ನಾಮಕರಣ ಸದಸ್ಯರಾಗಿದ್ದರು. 2024ರ ಫೆಬ್ರವರಿ 21ರಂದು, 95ನೆಯ ವಯಸ್ಸಿನಲ್ಲಿ, ದೆಹಲಿಯಲ್ಲಿ ನಿಧನರಾದರು.

ನಮ್ಮ ಮಕ್ಕಳ ಮುಂದಿರುವ ದಾರಿ

ಪ್ರಿಯ ವಿದ್ಯಾರ್ಥಿಗಳೇ, ನಮ್ಮ ಮನೆಗಳಲ್ಲಿ ಬುದ್ಧಿವಂತ ಮಕ್ಕಳೆಂದರೆ ಡಾಕ್ಟರ್ ಅಥವಾ ಇಂಜಿನಿಯರ್ ಆಗಬೇಕೆಂಬ ಆಸೆ. ಸೀಟು ಸಿಗದಿದ್ದರೆ ಮಾತ್ರ ಬೇರೆ ಯೋಚನೆ. ಕಾನೂನು ಕೊನೆಯ ಆಯ್ಕೆ. ನಾರಿಮನ್‌ಗೂ ಅದು ಕೊನೆಯ ಆಯ್ಕೆಯೇ ಆಗಿತ್ತು ಎಂಬುದನ್ನು ನೆನಪಿಡಿ.

ಈ ಕ್ಷೇತ್ರ ನಮ್ಮಿಂದ ದೂರವಿಲ್ಲ. ಇಸ್ರೋದ ವಾಣಿಜ್ಯ ಸಂಸ್ಥೆ ಆಂಟ್ರಿಕ್ಸ್ ಮತ್ತು ದೇವಾಸ್ ಕಂಪನಿ ಎರಡೂ ಬೆಂಗಳೂರಿನವೇ. ಅವುಗಳ ನಡುವೆ 2005ರಲ್ಲಿ ಆದ ಉಪಗ್ರಹ ಒಪ್ಪಂದ 2011ರಲ್ಲಿ ರದ್ದಾಯಿತು. 2015ರಲ್ಲಿ ಐ.ಸಿ.ಸಿ. ನಿಯಮದಡಿಯ ಮಧ್ಯಸ್ಥರು ದೇವಾಸ್‌ಗೆ 56 ಕೋಟಿ ಡಾಲರ್‌ಗೂ ಹೆಚ್ಚು ಪರಿಹಾರ ಕೊಡಬೇಕೆಂದರು. ದೇವಾಸ್ ಕಂಪನಿ ವಂಚನೆಯ ಉದ್ದೇಶದಿಂದ ಸ್ಥಾಪಿತವಾದದ್ದು, ಅದನ್ನು ಮುಚ್ಚುವುದು ಸರಿ ಎಂದು 2022ರಲ್ಲಿ ಸುಪ್ರೀಂ ಕೋರ್ಟು ತೀರ್ಪು ಕೊಟ್ಟಿತು. ಅದೇ ವರ್ಷ ದೆಹಲಿ ಹೈಕೋರ್ಟು ಆ ಐತೀರ್ಪನ್ನು ರದ್ದುಮಾಡಿತು. ವಿವಾದ ವಿದೇಶದ ಕೋರ್ಟುಗಳಿಗೂ ಹೋಯಿತು. ನಮ್ಮೂರಿನ ಒಂದು ಒಪ್ಪಂದ ಪತ್ರದ ಹಿಂದೆ ಎಷ್ಟು ವಕೀಲರ, ಎಷ್ಟು ಲೆಕ್ಕಿಗರ, ಎಷ್ಟು ತಂತ್ರಜ್ಞರ ದುಡಿಮೆ ಇದೆ ಯೋಚಿಸಿ.

ಪಿ.ಯು.ಸಿ. ಮುಗಿಸಿದವರಿಗೆ ಐದು ವರ್ಷಗಳ, ಪದವಿ ಮುಗಿಸಿದವರಿಗೆ ಮೂರು ವರ್ಷಗಳ ಕಾನೂನು ಕೋರ್ಸುಗಳಿವೆ. ದೇಶದ ಮೊದಲ ರಾಷ್ಟ್ರೀಯ ಕಾನೂನು ಶಾಲೆ ಇರುವುದು ನಮ್ಮ ಬೆಂಗಳೂರಿನಲ್ಲೇ. ಮಧ್ಯಸ್ಥರಾಗಲು ವಕೀಲರೇ ಆಗಬೇಕೆಂದಿಲ್ಲ. ಕಟ್ಟಡ, ಸೇತುವೆ ವಿವಾದಗಳಲ್ಲಿ ಅನುಭವಿ ಇಂಜಿನಿಯರ್‌ಗಳು, ಲೆಕ್ಕದ ವಿವಾದಗಳಲ್ಲಿ ಲೆಕ್ಕಪರಿಶೋಧಕರು ಕೂಡ ಮಧ್ಯಸ್ಥರಾಗುತ್ತಾರೆ. ಇನ್ನೊಂದು ಮಾತು. ಗಲ್ಫ್ ದೇಶಗಳಲ್ಲಿ ನಮ್ಮವರು ಸಾವಿರಾರು ಜನ ದುಡಿಯುತ್ತಿದ್ದಾರೆ, ವ್ಯಾಪಾರ ಮಾಡುತ್ತಿದ್ದಾರೆ. ದುಬೈ, ದೋಹಾ, ಕೈರೋಗಳಲ್ಲಿ ಮಧ್ಯಸ್ಥಿಕೆ ಕೇಂದ್ರಗಳಿವೆ. ಮದ್ರಸಾದಲ್ಲಿ ಕಲಿತ ಅರಬಿಗೆ ಒಳ್ಳೆಯ ಇಂಗ್ಲಿಷ್ ಮತ್ತು ಕಾನೂನಿನ ಜ್ಞಾನ ಸೇರಿದರೆ, ಅರಬಿ ಒಪ್ಪಂದ ಓದಬಲ್ಲ ವಕೀಲನಿಗೆ ಬೇಡಿಕೆ ತಪ್ಪದು. ಫಿಕ್ಹ್‌ನ ವಾಣಿಜ್ಯ ನಿಯಮಗಳನ್ನೂ ಆಧುನಿಕ ಕಾನೂನನ್ನೂ ಒಟ್ಟಿಗೆ ಬಲ್ಲ ಮಧ್ಯಸ್ಥರು ಇದ್ದಿದ್ದರೆ 1951ರಲ್ಲಿ ಬರೆದಂತಹ ಮಾತನ್ನು ಯಾರೂ ಸುಲಭವಾಗಿ ಬರೆಯುತ್ತಿರಲಿಲ್ಲ.

ಆದರೆ ಪದವಿ, ಭಾಷೆ, ಇಲ್ಮ್ ಇವೆಲ್ಲ ಆ ಕುರ್ಚಿಯ ಹತ್ತಿರದವರೆಗೆ ಕರೆದೊಯ್ಯಬಲ್ಲವು, ಅಷ್ಟೆ. ಅದರಲ್ಲಿ ಕೂರಿಸುವವರು ಎದುರಾಳಿ ಕಕ್ಷಿಗಳು. ನಮ್ಮ ವಿರುದ್ಧ ನಿಂತವನೂ 'ಇವರು ಅನ್ಯಾಯ ಮಾಡುವುದಿಲ್ಲ' ಎಂದು ಹೇಳುವಂತಾಗಬೇಕು. ಅದು ಪರೀಕ್ಷೆಗೆ ಓದಿ ಬರುವ ಗುಣವಲ್ಲ. ಕೊಟ್ಟ ಮಾತು ನಡೆಸುವುದು, ತೂಕದಲ್ಲಿ ಮೋಸ ಮಾಡದಿರುವುದು, ತನ್ನವರ ತಪ್ಪನ್ನೂ ತಪ್ಪೆನ್ನುವುದು, ಲಾಭದ ಹುದ್ದೆಯನ್ನು ಹೊತ್ತು ಬಂದಾಗ ಬಿಡುವುದು, ಇವುಗಳಿಂದ ವರ್ಷ ವರ್ಷ ಕೂಡಿಟ್ಟು ಗಳಿಸಬೇಕಾದದ್ದು. ನಮ್ಮ ದೀನ್‌ನಲ್ಲಿ ಇದಕ್ಕೆ ಅಮಾನತ್ ಎಂದು ಹೆಸರು. ನಮ್ಮ ಸಮುದಾಯದ ಮಕ್ಕಳು ಕಾನೂನನ್ನು ಚೆನ್ನಾಗಿ ಕಲಿತು, ಅಮಾನತ್ ಕಾಪಾಡಿಕೊಂಡು, ಎಲ್ಲ ಜನರೂ ನಂಬಿ ಕರೆಯುವ ಸಾಲಿಸ್‌ಗಳಾಗಲಿ. ಅಲ್ಲಾಹನು ಅವರಿಗೆ ತೌಫೀಕ್ ನೀಡಲಿ, ಆಮೀನ್.